ಭವಾನಿಯ ಬಲಗೈ

ಕಾಚಿಗೂಡ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಸೂಗಪ್ಪನ ಖಾನಾವಳಿ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಗದಿಗೆಮ್ಮನ ರೊಟ್ಟಿ ಎಂದರೆ ಆಟೋದವನು ಬಾಗಿಲಿಗೇ ತಂದು ಇಳಿಸುತ್ತಾನೆ. ಗದಿಗೆಮ್ಮನ ಎರಡೂ ಕೈಗಳಲ್ಲಿ ನಡುಬೆರಳು ಮತ್ತು ಉಂಗುರದ ಬೆರಳು ಹುಟ್ಟಿನಿಂದಲೇ ಒಂದಾಗಿ ಕೂಡಿಕೊಂಡಿವೆ. ಆ ಅಗಲ ಬೆರಳಿನಿಂದಲೇ ಜೋಳದ ರೊಟ್ಟಿ ಅಷ್ಟು ತೆಳ್ಳಗೆ, ಅಂಚಿನ ತನಕ ಸಮನಾಗಿ ಬರುತ್ತದೆ ಎಂದು ಗಿರಾಕಿಗಳು ನಂಬಿದ್ದಾರೆ. ಬೋರ್ಡು ಬರೆಸುವಾಗ ಪೇಂಟರ್ ಐದು ಬೆರಳಿನ ಕೈ ಬರೆದಿದ್ದ. ಸೂಗಪ್ಪ ಅದನ್ನು ಅಳಿಸಿ, ಎರಡು ಬೆರಳು ಕೂಡಿಸಿ, ಹೊಸದಾಗಿ ಬರೆಸಿದ. ಹೆಂಡತಿಯ ಕೈ ಹೇಗಿದೆಯೋ ಹಾಗೇ ಇರಬೇಕು ಎಂಬುದು ಅವನ ವಾದ.

ಹೀಗಿರುವಾಗ ಮೊಮ್ಮಗಳು ಭವಾನಿ ಹುಟ್ಟಿದಳು. ಎಡಗೈ ಎಲ್ಲರಂತೆ ಇತ್ತು. ಬಲಗೈಯಲ್ಲಿ ಅವೇ ಎರಡು ಬೆರಳು ಅಜ್ಜಿಯ ಬೆರಳುಗಳ ಹಾಗೆಯೇ ಕೂಡಿಕೊಂಡಿದ್ದವು. ಖಾನಾವಳಿಗೆ ವಾರಸುದಾರಳು ಬಂದಳೆಂದು ಸೂಗಪ್ಪ ಓಣಿಗೆಲ್ಲ ಪೇಢೆ ಹಂಚಿದ. ಬಾಣಂತಿ ಮಧುರಾ ಆಸ್ಪತ್ರೆಯ ಮಂಚದ ಮೇಲೆ ಮಲಗಿ ಅಳುತ್ತಿದ್ದಳು. ಬಾಣಂತಿಯರು ಅಳುವುದು ಇದ್ದದ್ದೇ ಎಂದು ಯಾರೂ ಕಾರಣ ಕೇಳಲಿಲ್ಲ.

ಮಧುರಾ ಮೈಸೂರಿನ ಕಡೆಯವಳು. ಕೊಂಡಾಪುರದ ಒಂದು ಕಂಪನಿಯಲ್ಲಿ ಕೆಲಸ. ಗದಿಗೆಮ್ಮನ ಮಗ ಗುರುಶಾಂತ ಸ್ಕೂಟರಿನ ಮೇಲೆ ಆ ಕಡೆಯ ಆಫೀಸುಗಳಿಗೆ ಊಟದ ಡಬ್ಬಿ ಮುಟ್ಟಿಸುತ್ತಿದ್ದ. ಒಂದು ವರ್ಷ ಅವನು ತಂದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ತಿಂದ ಮೇಲೆ ಅವಳೇ ಮೊದಲು ಮದುವೆಯ ಮಾತು ತೆಗೆದಳು. ಗದಿಗೆಮ್ಮನಿಗೆ ಸೊಸೆ ಹಿಡಿಸಿದ್ದಳು. ಓದಿದವಳು, ಆದರೆ ತಿಂದ ತಟ್ಟೆ ತಾನೇ ತೊಳೆಯುತ್ತಾಳೆ ಎಂದು ರೊಟ್ಟಿ ಬಡಿಯಲು ಬರುವ ಹುಸೇನಮ್ಮನ ಮುಂದೆ ಆಗಾಗ ಹೇಳುತ್ತಿದ್ದಳು. ಕೆಳಗೆ ಅಡುಗೆಮನೆ ಮತ್ತು ಊಟದ ಹಾಲ್, ಮೇಲೆ ಮೂರು ಕೋಣೆ. ಮಧುರಾ ಕೆಲಸಕ್ಕೆ ಹೋದಾಗ ಕೂಸು ಅಜ್ಜಿಯ ಹತ್ತಿರ ಹಿಟ್ಟು ನಾದುವ ಪರಾತದ ಪಕ್ಕದಲ್ಲೇ ಬೆಳೆಯುತ್ತಿತ್ತು.

ಭವಾನಿಗೆ ಒಂದು ವರ್ಷವಾದಾಗ ಮಧುರಾ ಅವಳನ್ನು ಕೈ ಆಪರೇಷನ್ ಮಾಡುವ ಡಾಕ್ಟರಮ್ಮನಿಗೆ ತೋರಿಸಿದಳು. ಎರಡು ಬೆರಳ ಉದ್ದ ಬೇರೆಬೇರೆ; ಕೈ ಬೆಳೆದಂತೆ ಗಿಡ್ಡ ಬೆರಳು ಉದ್ದ ಬೆರಳನ್ನು ಎಳೆದು ಸೊಟ್ಟ ಮಾಡುತ್ತದೆ, ಒಂದೂವರೆ ವರ್ಷದೊಳಗೆ ಬಿಡಿಸಿದರೆ ಒಳ್ಳೆಯದು ಎಂದರು ಡಾಕ್ಟರಮ್ಮ. ಇದು ವಂಶದಲ್ಲಿ ಹರಿದು ಬಂದದ್ದೋ ಎಂದು ತಿಳಿಯಲು ಕೂಸಿನದೂ ಗುರುಶಾಂತನದೂ ರಕ್ತ ತೆಗೆದುಕೊಂಡರು.

ಒಂದು ತಿಂಗಳ ಮೇಲೆ ರಿಪೋರ್ಟು ಬಂತು. ಅದನ್ನು ಮಧುರಾ ಊಟದ ಹೊತ್ತಿಗೆ ಎಲ್ಲರಿಗೂ ಬಿಡಿಸಿ ಹೇಳಿದಳು. ಬಸಿರು ನಿಂತು ಐದಾರು ವಾರಕ್ಕೆ ಕೂಸಿನ ಕೈ ಎಂದರೆ ಒಂದು ಪುಟ್ಟ ಚಪ್ಪಟೆ ತುಂಡು, ಅದರಲ್ಲಿ ಬೆರಳೇ ಇರುವುದಿಲ್ಲ. ಎಷ್ಟು ಬೆರಳು ಬರಬೇಕು, ಎಲ್ಲಿ ಬಿಡಿಬಿಡಿ ಆಗಬೇಕು ಎಂದು ನೋಡಿಕೊಳ್ಳುವ ಜೀನ್‌ಗಳಿವೆ. ಅದರಲ್ಲಿ ಒಂದರ ಹೆಸರು ಹಾಕ್ಸ್ ಡಿ ಹದಿಮೂರು. ಈ ಮನೆಯವರಲ್ಲಿ ಅದು ಒಂದಿಷ್ಟು ಬೇರೆ ತರಹ ಇದೆ.

"ಹದಿಮೂರಾ?" ಎಂದಳು ಗದಿಗೆಮ್ಮ. "ಮೊದಲಿನ ಹನ್ನೆರಡು ಎಲ್ಲಿಗಿ ಹೋದ್ವು?"

"ಅವು ಬ್ಯಾರೆ ಕಡೆ ಕೆಲಸಕ್ಕ ಹೋಗ್ಯಾವ. ನೀ ಅನ್ನ ಬಡಸು," ಎಂದ ಸೂಗಪ್ಪ.

ಎಲ್ಲರೂ ನಕ್ಕರು. ಅಜ್ಜಿಯಿಂದ ಮೊಮ್ಮಗಳಿಗೆ ಬರಬೇಕಾದರೆ ನಡುವೆ ಗುರುಶಾಂತನನ್ನು ಹಾದೇ ಬರಬೇಕಲ್ಲ, ಅವನ ಕೈ ನೆಟ್ಟಗಿದೆಯಲ್ಲ ಎಂದು ಸೂಗಪ್ಪ ಕೇಳಿದ. ಗುರುಶಾಂತ ಎಡಗಾಲು ಚಾಚಿ ತೋರಿಸಿದ. ಕಿರುಬೆರಳು ಪಕ್ಕದ ಬೆರಳಿಗೆ ಅರ್ಧದ ತನಕ ಅಂಟಿಕೊಂಡಿತ್ತು. ಬಿಗಿ ಬೂಟಿನಿಂದ ಹಾಗಾಗಿದೆ ಎಂದು ಅವನು ಇಷ್ಟು ವರ್ಷ ತಿಳಿದಿದ್ದ. ಗದಿಗೆಮ್ಮನಿಗೆ ಮಾತ್ರ ಹೆತ್ತ ದಿನದಿಂದಲೂ ಗೊತ್ತಿತ್ತು. ಕಾಲಿನಿಂದ ರೊಟ್ಟಿ ಬಡಿಯುವುದಿಲ್ಲವಲ್ಲ ಎಂದು ಸುಮ್ಮನಿದ್ದಳಂತೆ. ಒಂದೇ ಜೀನು ಒಬ್ಬರಿಗೆ ಎರಡು ಕೈ, ಒಬ್ಬರಿಗೆ ಒಂದು ಕಾಲು, ಇನ್ನೊಬ್ಬರಿಗೆ ಒಂದು ಕೈ ಹೀಗೆ ತನಗೆ ತೋಚಿದಂತೆ ಹಂಚುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಗ್ರಹಣದ ದಿನ ಹೊರಗೆ ಹೋಗಿದ್ದೆಯಾ, ಕತ್ತರಿ ಹಿಡಿದಿದ್ದೆಯಾ ಎಂದು ವರ್ಷದಿಂದ ಫೋನಿನಲ್ಲಿ ಕೇಳುತ್ತಿದ್ದ ತನ್ನ ತಾಯಿಗೆ ಮಧುರಾ ಅಂದೇ ರಿಪೋರ್ಟಿನ ಫೋಟೋ ಕಳಿಸಿದಳು.

ನಗು ಅಲ್ಲಿಗೆ ನಿಂತಿತು. ಮುಂದಿನ ತಿಂಗಳು ಹತ್ತನೇ ತಾರೀಖಿಗೆ ಆಪರೇಷನ್ ಎಂದು ಮಧುರಾ ಹೇಳಿದಾಗ ಗದಿಗೆಮ್ಮ ಬಡಿಸುವ ಕೈ ಅಲ್ಲೇ ನಿಲ್ಲಿಸಿದಳು.

"ನನ್ನ ಕೈಗಿ ಏನಾಗೈತಿ?" ಎಂದು ಕೇಳಿದಳು. "ಈ ಕೈಲೇ ನಿನ್ನ ಗಂಡನ್ನ ಜ್ವಾಪಾನ ಮಾಡೀನಿ. ಈ ಕೈ ರೊಟ್ಟಿ ತಿಂದೇ ನೀ ಈ ಮನೀಗಿ ಬಂದಿ."

"ನಿಮ್ಮ ಕೈಗೆ ಏನೂ ಆಗಿಲ್ಲ ಅತ್ತೆ," ಎಂದಳು ಮಧುರಾ. "ಆದ್ರೆ ಇದು ಅವಳ ಕೈ. ಅವಳು ರೊಟ್ಟಿ ಬಡೀತಾಳೋ, ಪಿಟೀಲು ಬಾರಿಸ್ತಾಳೋ ನನಗೆ ಗೊತ್ತಿಲ್ಲ. ಎರಡೂ ಆಗೋ ಹಾಗಿರ್ಲಿ ಅಂತೀನಿ, ಅಷ್ಟೇ."

ಗದಿಗೆಮ್ಮ ಮತ್ತೆ ಮಾತಾಡಲಿಲ್ಲ. ಒಪ್ಪಿದಳೆಂದು ಎಲ್ಲರೂ ತಿಳಿದರು. ಅವಳು ಸುಮ್ಮನಿದ್ದಾಗ ಒಪ್ಪಿದ್ದು ಕಡಿಮೆ ಎಂದು ಹುಸೇನಮ್ಮನಿಗೆ ಗೊತ್ತಿತ್ತು, ಆದರೆ ಅವಳನ್ನು ಯಾರೂ ಕೇಳಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಮಧುರಾ ಮನೆಯವರೆಲ್ಲರಿಗೂ ಮೂರು ಮೂರು ಸಲ ಹೇಳಿದಳು: ಬೆಳಗಿನ ಜಾವ ನಾಲ್ಕರ ಮೇಲೆ ಕೂಸಿನ ಬಾಯಿಗೆ ಏನೂ ಹೋಗಬಾರದು. ಹಾಲೂ ಬೇಡ. ಹಾಗೆಂದು ಬರೆದು ಅಡುಗೆಮನೆಯ ಗೋಡೆಗೂ ಅಂಟಿಸಿದಳು.

ಆದರೆ ಅದು ಖಾನಾವಳಿಯ ಮನೆ. ಐದು ಗಂಟೆಗೆ ಒಲೆ ಹೊತ್ತುತ್ತದೆ. ಕಟ್ಟಡದ ಕೆಲಸಕ್ಕೆ ಹೋಗುವ ಯಾದಗಿರಿ, ರಾಯಚೂರು ಕಡೆಯವರು ಆರಕ್ಕೆಲ್ಲ ಬುತ್ತಿಗೆ ಸಾಲು ನಿಲ್ಲುತ್ತಾರೆ. ಪ್ರಯಾಣಕ್ಕೆ ಹೊರಟವರನ್ನು, ಜಗಳವಾಡಿ ಹೊರಟವರನ್ನು, ಒಮ್ಮೆ ವಾರಂಟು ಹಿಡಿದು ಬಂದ ಪೊಲೀಸಿನವನನ್ನೂ ಗದಿಗೆಮ್ಮ ಉಣ್ಣಿಸದೆ ಹೊಸ್ತಿಲು ದಾಟಿಸಿದವಳಲ್ಲ. ಮಧುರಾ ಸ್ನಾನಕ್ಕೆ ಹೋಗಿದ್ದಳು. ರೊಟ್ಟಿ ಬೇಯುವ ವಾಸನೆಗೆ ಎದ್ದ ಭವಾನಿ ಮೆಟ್ಟಿಲ ಮೇಲೆ ಕುಂಡಿ ಸರಿಸುತ್ತ ಕೆಳಗಿಳಿದು ಬಂದು ಬಾಯಿ ತೆರೆದಳು. ಗದಿಗೆಮ್ಮ ಗೋಡೆಯ ಚೀಟಿ ನೋಡಿದಳು, ಕೂಸಿನ ಮುಖ ನೋಡಿದಳು. ಬಿಸಿ ರೊಟ್ಟಿ ಹಾಲಿನಲ್ಲಿ ಕಿವುಚಿ, ಸಕ್ಕರೆ ಹಾಕಿ, ಎಂಟು ಹತ್ತು ತುತ್ತು ತಿನ್ನಿಸಿ ಬಾಯಿ ಒರೆಸಿದಳು.

ಆಸ್ಪತ್ರೆಯಲ್ಲಿ ಹಸಿರು ಅಂಗಿ ತೊಡಿಸಿದ್ದಾಯಿತು. ಅರಿವಳಿಕೆ ಕೊಡುವ ಡಾಕ್ಟರು ಬಂದು ಕೂಸು ಕೊನೆಗೆ ಯಾವಾಗ ತಿಂದಿತು ಎಂದು ತೆಲುಗಿನಲ್ಲಿ ಕೇಳಿದರು. ರಾತ್ರಿ ಒಂಬತ್ತಕ್ಕೆ ಎಂದಳು ಮಧುರಾ. ಒಳ್ಳೆಯದು, ಹೊಟ್ಟೆಯಲ್ಲಿ ಏನಾದರೂ ಇದ್ದರೆ ಮಂಪರಿನಲ್ಲಿ ಅದು ಪುಪ್ಪುಸಕ್ಕೆ ಹೋಗಿ ಜೀವಕ್ಕೆ ಕುತ್ತು ಬರುತ್ತದೆ ಎಂದು ಅವರು ಬರೆದುಕೊಳ್ಳುತ್ತ ಹೇಳಿದರು. ಮೂವತ್ತು ವರ್ಷದಿಂದ ಕಾಚಿಗೂಡದಲ್ಲಿರುವ ಗದಿಗೆಮ್ಮನಿಗೆ ತೆಲುಗು ಚೆನ್ನಾಗಿ ತಿಳಿಯುತ್ತದೆ. ಅವಳು ಕುರ್ಚಿಯಿಂದ ಎದ್ದಳು.

"ಸಾಹೇಬ್ರ, ನಾ ತಿನ್ನಿಸೀನಿ," ಎಂದಳು. "ಐದೂವರಿಗಿ. ಹಾಲು ರೊಟ್ಟಿ."

ಆಪರೇಷನ್ ನಿಂತಿತು. ಮುಂದಿನ ತಾರೀಖು ಐದು ವಾರದ ಮೇಲೆ ಸಿಕ್ಕಿತು. ಡಾಕ್ಟರಮ್ಮ ಬೈಯಲಿಲ್ಲ; ಸುಳ್ಳು ಹೇಳುವವರೇ ಹೆಚ್ಚು, ಹೇಳಿದ್ದು ಒಳ್ಳೆಯದಾಯಿತು ಎಂದರು. ಮಧುರಾ ಮನೆಯೊಳಗೆ ಕಾಲಿಟ್ಟ ಮೇಲೆ ಒಂದೇ ಮಾತು ಕೇಳಿದಳು.

"ಮರೆತು ತಿನ್ಸಿದ್ರಾ, ಬೇಕು ಅಂತ ತಿನ್ಸಿದ್ರಾ?"

"ಕೂಸು ಹಸದಿತ್ತು," ಎಂದಳು ಗದಿಗೆಮ್ಮ.

"ನಾನು ಕೇಳಿದ್ದು ಅದಲ್ಲ."

ಗದಿಗೆಮ್ಮ ಹಿಟ್ಟಿನ ಡಬ್ಬಿ ತೆಗೆದಳು.

ಮರುದಿನದಿಂದ ಮಧುರಾ ಕೂಸನ್ನು ಕೊಂಡಾಪುರಕ್ಕೇ ಕರೆದುಕೊಂಡು ಹೋಗತೊಡಗಿದಳು. ಅವಳ ಆಫೀಸಿನ ಪಕ್ಕ ಮಕ್ಕಳನ್ನು ನೋಡಿಕೊಳ್ಳುವ ಮನೆ ಇತ್ತು. ಬೆಳಿಗ್ಗೆ ಏಳಕ್ಕೆ ಹೋದ ಕೂಸು ಸಂಜೆ ಏಳಕ್ಕೆ ನಿದ್ದೆಗಣ್ಣಿನಲ್ಲಿ ಬರುತ್ತಿತ್ತು. ಪರಾತದ ಪಕ್ಕದ ಜಾಗ ಖಾಲಿಯಾಯಿತು. ಮೇಲಿನ ಕೋಣೆಯಲ್ಲಿ ಮಧುರಾ ಸಣ್ಣದೊಂದು ಒಲೆ ತಂದಿಟ್ಟು ಸಾರು ಅನ್ನ ಮಾಡತೊಡಗಿದಳು. ಗುರುಶಾಂತನ ಪಾಡು ಹೇಳುವಂತಿರಲಿಲ್ಲ. ಕೆಳಗೆ ಉಣ್ಣದಿದ್ದರೆ ತಾಯಿ ತಟ್ಟೆ ಮುಂದಿಟ್ಟುಕೊಂಡು ಕೂಡುತ್ತಾಳೆ, ಮೇಲೆ ಉಣ್ಣದಿದ್ದರೆ ಹೆಂಡತಿ ಪಾತ್ರೆ ಸದ್ದು ಮಾಡುತ್ತಾಳೆ. ಹದಿನೈದು ದಿನ ಅವನು ಎರಡೂ ಕಡೆ ಉಂಡ. ಪ್ಯಾಂಟಿನ ಗುಂಡಿ ಹಾಕಲಾಗದೆ ಸ್ಕೂಟರ್ ಹತ್ತುವ ಮಗನನ್ನು ಕಂಡು ಸೂಗಪ್ಪ, ಇವರಿಬ್ಬರ ಸಿಟ್ಟಿನಾಗ ನೀ ಸತ್ತೀ, ಯಾರಿಗ್ಯಾರ ಒಬ್ಬರಿಗಿ ಮಾತಾಡಂತ ಹೇಳು ಎಂದ. ಗುರುಶಾಂತ, ನೀನೇ ಹೇಳಪ್ಪ ಎಂದ. ಇಬ್ಬರೂ ಹೇಳಲಿಲ್ಲ.

ಗದಿಗೆಮ್ಮ ಯಾರ ಮೇಲೂ ದೂರು ಹೇಳಲಿಲ್ಲ. ಸಂಜೆ ಕೂಸು ಬರುವ ಹೊತ್ತಿಗೆ ಯಾವುದಾದರೂ ನೆವ ಮಾಡಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. ಮಧುರಾ ಅದನ್ನು ನೋಡಿಯೂ ನೋಡದ ಹಾಗೆ ಇದ್ದು, ಮೆಟ್ಟಿಲು ಹತ್ತುವಾಗ ಮಾತ್ರ ಕೂಸಿನ ಮುಖ ಅತ್ತೆಯ ಕಡೆ ಇರುವಂತೆ ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು.

ಮೂರನೆಯ ವಾರ ಡಾಕ್ಟರಮ್ಮನ ಕಡೆಯಿಂದ ಫೋನ್ ಬಂತು. ಒಂದೇ ಮನೆಯಲ್ಲಿ ಮೂರು ತಲೆಮಾರು ಸಿಗುವುದು ಅಪರೂಪ, ಅಜ್ಜಿಯ ಕೈಯನ್ನೂ ಒಮ್ಮೆ ನೋಡಬೇಕು ಎಂದರು. ಗದಿಗೆಮ್ಮ ಬರಲಿಕ್ಕಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು. ಅವಳು ಮದುವೆಗೆ ಹೋಗುವವಳಂತೆ ಇಳಕಲ್ ಸೀರೆಯುಟ್ಟು ಬಾಗಿಲಲ್ಲಿ ನಿಂತಳು. ಸೂಗಪ್ಪನೂ ಜೊತೆಗೆ ಹೊರಟ. ಕೂಸನ್ನೆತ್ತಿಕೊಂಡು ಮಧುರಾ ಆಟೋದ ಆ ತುದಿಗೆ ಕೂತಳು, ಗದಿಗೆಮ್ಮ ಈ ತುದಿಗೆ. ನಡುವೆ ಸೂಗಪ್ಪ.

ಡಾಕ್ಟರಮ್ಮ ಬಲಗೈ ನೋಡಿ, ಮುಷ್ಟಿ ಕಟ್ಟಿಸಿ, ಮೇಜಿನ ಮೇಲಿನ ಗುಂಡುಸೂಜಿ ಎತ್ತಿಸಿ, ಎಲ್ಲ ಬರೆದುಕೊಂಡರು. ಆಮೇಲೆ ಎಡಗೈ ತಿರುಗಿಸಿದರು. ಕೂಡಿದ ಬೆರಳುಗಳ ನಡುವೆ ಉದ್ದಕ್ಕೂ ಗಂಟುಗಂಟಾದ ಬಿಳಿ ಕಲೆ ಇತ್ತು. ಇದೇನು ಎಂದು ಕೇಳಿದರು.

"ರೊಟ್ಟಿ ಹಂಚು ಸುಟ್ಟಿದ್ರಿ ಅದು," ಎಂದ ಸೂಗಪ್ಪ. "ಲಗ್ನಕ್ಕಿಂತ ಮೊದಲೇ."

ಡಾಕ್ಟರಮ್ಮ ಬೆರಳಿನಿಂದ ಕಲೆಯನ್ನು ಸವರಿ, ಸುಟ್ಟರೆ ಹೀಗಾಗುವುದಿಲ್ಲವಲ್ಲ ಅಮ್ಮಾ, ಇದನ್ನು ಯಾರೋ ಕೊಯ್ದಿದ್ದಾರೆ ಎಂದರು.

ಗದಿಗೆಮ್ಮ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೈಯನ್ನು ಅವರ ಕೈಯಲ್ಲೇ ಬಿಟ್ಟು, ಕನ್ನಡದಲ್ಲೇ, ಮಧುರಾಳ ಕಡೆ ತಿರುಗಿ ಹೇಳಿದಳು.

"ನಂಗ ಎಂಟು ವರ್ಷ. ನಮ್ಮಪ್ಪಗ ಭಾಳ ಚಿಂತಿ, ಈ ಕೈ ನೋಡಿ ಯಾರು ಮಾಡ್ಕೋತಾರ ಅಂತ. ಬಾಜೂ ಊರಾಗ ಒಬ್ಬಾವ ಹಲ್ಲು ಕೀಳತಿದ್ದ, ಕುರು ಕೊಯ್ಯತಿದ್ದ. ಅವನ ಕಡೆ ಕರಕೊಂಡು ಹೋದ. ಇಬ್ಬರು ಹಿಡಕೊಂಡ್ರು. ಮಂಪರಿಲ್ಲ, ಏನಿಲ್ಲ, ಕೊಯ್ದೇಬಿಟ್ಟ. ಕೊಯ್ದು ಎರಡೂ ಬೆರಳು ಕೂಡಿಸಿ ಒಂದೇ ಬಟ್ಟಿಯಾಗ ಕಟ್ಟಿದ. ಬಟ್ಟಿ ಬಿಚ್ಚಿದಾಗ ಮತ್ತ ಕೂಡೇ ಬಿಟ್ಟಿದ್ವು, ಮೊದಲಿಗಿಂತ ಬಿಗಿ. ಕೀವು ಆಗಿ ಮೂರು ತಿಂಗಳು ಕೈ ಎತ್ತಲಿಲ್ಲ. ನಮ್ಮಪ್ಪ ಬಲಗೈ ಮುಟ್ಟಗೊಡಲಿಲ್ಲ. ಹಂಚು ಸುಟ್ಟದ ಅಂತ ಹೇಳು ಅಂದ. ಹೇಳಿಕೋತ ಬಂದೆ."

ಕೋಣೆಯಲ್ಲಿ ಭವಾನಿ ಒಬ್ಬಳೇ ಏನೋ ಗುನುಗುತ್ತಿದ್ದಳು.

"ಅವತ್ತು ಚೀಟಿ ಓದೇ ತಿನ್ನಿಸಿದೆ," ಎಂದಳು ಗದಿಗೆಮ್ಮ. "ಮರತಿರಲಿಲ್ಲ. ಒಂದು ದಿನ ಮುಂದಕ್ಕ ಹೋಗಲಿ ಅನಸ್ತು. ಪುಪ್ಪುಸಕ್ಕ ಹೋಗತದ ಅಂತ ನಂಗ ಗೊತ್ತಿರಲಿಲ್ಲವ್ವ. ಖರೇ ಹೇಳತೀನಿ, ಅದು ಗೊತ್ತಿದ್ರ ತಿನ್ನಿಸ್ತಿರಲಿಲ್ಲ."

ಸೂಗಪ್ಪ ಟವೆಲಿನಿಂದ ಮುಖ ಒರೆಸಿಕೊಂಡು, "ಮೂವತ್ತೆಂಟು ವರ್ಷ ಆ ಹಂಚನ್ನ ಬೈಕೋತ ಬಂದೀನಲ್ಲೇ," ಎಂದ.

ಅಜ್ಜಿ ಏನು ಹೇಳಿದರೆಂದು ಡಾಕ್ಟರಮ್ಮ ಕೇಳಿದರು, ಮಧುರಾ ತೆಲುಗಿನಲ್ಲಿ ಹೇಳಿದಳು. ಆಮೇಲೆ ಗದಿಗೆಮ್ಮ ನೇರವಾಗಿ ಡಾಕ್ಟರಮ್ಮನನ್ನು ಕೇಳತೊಡಗಿದಳು. ಕೊಯ್ದ ಮೇಲೆ ನಡುವೆ ಏನು ಹಾಕುತ್ತೀರಿ? ತೊಡೆಯ ಹತ್ತಿರದಿಂದ ಚರ್ಮ ತೆಗೆದು ಎರಡೂ ಬೆರಳ ಪಕ್ಕಕ್ಕೆ ಹೊಲಿಯುತ್ತೇವೆ. ಹೇಗೆ ಕಟ್ಟುತ್ತೀರಿ? ಒಂದೊಂದು ಬೆರಳನ್ನೂ ಬೇರೆ ಬೇರೆಯಾಗಿ. ನೋವು ತಿಳಿಯುತ್ತದೆಯೇ? ಕೊಯ್ಯುವಾಗ ಇಲ್ಲ, ಎದ್ದ ಮೇಲೆ ಔಷಧಿ ಕೊಡುತ್ತೇವೆ. ಮತ್ತೆ ಕೂಡಿಕೊಳ್ಳುವುದಿಲ್ಲವೇ? ಒಂದಿಷ್ಟು ಕೂಡಬಹುದು, ಹಾಗಾದರೆ ದೊಡ್ಡವಳಾದ ಮೇಲೆ ಸ್ವಲ್ಪ ಬಿಡಿಸಬೇಕಾದೀತು, ಸುಳ್ಳು ಹೇಳುವುದಿಲ್ಲ ಎಂದರು ಡಾಕ್ಟರಮ್ಮ. ಹಿಂದೆ ಮಾಡಿದ ಮಕ್ಕಳ ಕೈಗಳ ಫೋಟೋ ತೋರಿಸಿದರು. ಗದಿಗೆಮ್ಮ ಒಂದೊಂದನ್ನೂ ಕಣ್ಣಿಗೆ ಹತ್ತಿರ ಹಿಡಿದು, ತರಕಾರಿ ಆರಿಸುವಾಗಿನಂತೆ, ಹಿಂದೆ ಮುಂದೆ ನೋಡಿದಳು.

ಹೊರಗೆ ಬಂದ ಮೇಲೆ ಮಧುರಾ, "ಇದನ್ನೆಲ್ಲ ನಾನೇ ನಿಮಗೆ ಹೇಳಬೇಕಿತ್ತು ಅತ್ತೆ," ಎಂದಳು. "ತಿನ್ನಿಸಬೇಡಿ ಅಂತ ಮೂರು ಸಲ ಹೇಳಿದೆ. ಹೇಗೆ ಮಾಡ್ತಾರೆ ಅಂತ ಒಂದು ಸಲಾನೂ ಹೇಳಲಿಲ್ಲ."

"ನಾನೂ ಕೇಳಲಿಲ್ಲಲ್ಲ," ಎಂದಳು ಗದಿಗೆಮ್ಮ.

ಆಟೋ ಬಂದಾಗ ಸೂಗಪ್ಪ ತಾನು ಡ್ರೈವರ್ ಪಕ್ಕ ಕೂಡುತ್ತೇನೆಂದು ಮುಂದೆ ಹೋದ. ಭವಾನಿ ಹಿಂದೆ ಇಬ್ಬರ ತೊಡೆಯ ಮೇಲೂ ಕಾಲು ಚಾಚಿ ನಿದ್ದೆಹೋದಳು.

ಆಪರೇಷನ್ನಿಗೆ ಸಿಕ್ಕ ಎರಡನೆಯ ತಾರೀಖಿನ ದಿನ ಗದಿಗೆಮ್ಮ ಒಲೆಯನ್ನೇ ಹೊತ್ತಿಸಲಿಲ್ಲ. ರೊಟ್ಟಿಯ ವಾಸನೆ ಬಂದರೆ ಕೂಸು ಏಳುತ್ತದೆ, ಎದ್ದರೆ ಬಾಯಿ ತೆರೆಯುತ್ತದೆ, ಬಾಯಿ ತೆರೆದರೆ ತನ್ನ ಕೈ ತನ್ನ ಮಾತು ಕೇಳುವುದಿಲ್ಲ ಎಂದಳು. ಖಾನಾವಳಿ ಶುರುವಾದಾಗಿನಿಂದ ಬೆಳಗಿನ ಬುತ್ತಿ ತಪ್ಪಿದ್ದು ಅದೇ ಮೊದಲು. ಹೊರಗೆ ಸಾಲು ನಿಂತವರಿಗೆ ಸೂಗಪ್ಪ ಕೈ ಮುಗಿದು ಕಾರಣ ಹೇಳಿದ. ಅವರು ಗೊಣಗಲಿಲ್ಲ; ಒಬ್ಬ ಹೆಂಗಸು ತನ್ನ ಚೀಲದಿಂದ ದೇವರ ಭಂಡಾರದ ಅರಿಶಿನ ತೆಗೆದು ಕೂಸಿನ ಹಣೆಗೆ ಹಚ್ಚೆಂದು ಕೊಟ್ಟಳು. ಆಪರೇಷನ್ ಎರಡೂವರೆ ಗಂಟೆ ನಡೆಯಿತು. ಗದಿಗೆಮ್ಮ ಅಷ್ಟು ಹೊತ್ತೂ ನೀರು ಸಹ ಮುಟ್ಟದೆ ಕೂತಿದ್ದಳು. ಮಧುರಾ ಬೈದು ಚಹಾ ಕುಡಿಸಲು ನೋಡಿದಳು, ಆಗಲಿಲ್ಲ. ಕೊನೆಗೆ ತಾನೂ ಕುಡಿಯದೆ ಪಕ್ಕದಲ್ಲಿ ಕೂತಳು.

ಮೂರು ವಾರಕ್ಕೆ ಕಟ್ಟು ಪೂರ್ತಿ ಬಿಚ್ಚಿದರು. ಬೆರಳುಗಳು ಕೆಂಪಗೆ, ಊದಿಕೊಂಡು, ನೋಡಲು ಚೆಂದವಿರಲಿಲ್ಲ. ಆದರೆ ಎರಡಿದ್ದವು. ನಡುವಿನ ಚರ್ಮ ಬಿಗಿಯಾಗದಂತೆ ದಿನಕ್ಕೆ ಮೂರು ಸಲ, ಆರು ತಿಂಗಳು ಎಣ್ಣೆ ಹಚ್ಚಿ ತಿಕ್ಕಬೇಕು, ಇದನ್ನು ಬಿಟ್ಟರೆ ಮಾಡಿದ್ದೆಲ್ಲ ಹಾಳು ಎಂದು ಡಾಕ್ಟರಮ್ಮ ಹೇಳಿ, ಯಾರು ಮಾಡುತ್ತೀರಿ ಎಂದು ಕೇಳಿದರು.

"ನಮ್ಮತ್ತೆ ಮಾಡ್ತಾರೆ," ಎಂದಳು ಮಧುರಾ.

ಕೊಂಡಾಪುರದ ಮಕ್ಕಳ ಮನೆ ಬಿಡಿಸಿದ್ದಾಯಿತು. ಮೇಲಿನ ಒಲೆಯನ್ನು ಹುಸೇನಮ್ಮ ತನ್ನ ಮನೆಗೆ ಒಯ್ದಳು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗದಿಗೆಮ್ಮ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಕೂಸನ್ನು ಮಡಿಲಲ್ಲಿ ಕೂಡಿಸಿಕೊಳ್ಳುತ್ತಿದ್ದಳು. ಆ ಸಣ್ಣ ಸಂದಿಯೊಳಗೆ ಅವಳ ಅಗಲ ಬೆರಳು ಹೋಗುತ್ತಿರಲಿಲ್ಲ, ಕಿರುಬೆರಳಿನಿಂದ ತಿಕ್ಕುತ್ತಿದ್ದಳು. ಊರಿನಿಂದ ಬಂದ ಗಿರಾಕಿಗಳಲ್ಲಿ, ಗದಿಗೆಮ್ಮಾರ, ಮುಂದ ಅಂಗಡಿ ನಡಸೋ ಕೈ ಹಾಳ ಮಾಡಿಸಿದ್ರೇನ್ರಿ ಎಂದು ಚೇಷ್ಟೆ ಮಾಡಿದವರಿಗೆ, ರೊಟ್ಟಿ ಬಡಿಯೋದು ಕೈಯಲ್ಲ ನೋಡ್ರಿ, ಬಡಿಯೋ ಮನಶ್ಯಾಳು ಎಂದು ಹೇಳಿ ಮತ್ತೊಂದು ಚಮಚ ಪಲ್ಯ ಹಾಕುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಗಿರಾಕಿಗಳ ಊಟ ಮುಗಿದು ಮನೆಯವರ ಪಾಳಿ ಬಂದಿತ್ತು. ಗದಿಗೆಮ್ಮ ಕೊನೆಯ ರೊಟ್ಟಿ ಬಡಿದು ಹಂಚಿಗೆ ಎತ್ತಬೇಕು, ಅಷ್ಟರಲ್ಲಿ ಭವಾನಿ ಬಲಗೈ ಚಾಚಿ ಎರಡು ಬೆರಳನ್ನೂ ಹಿಟ್ಟಿನೊಳಗೆ ಚುಚ್ಚಿಬಿಟ್ಟಳು. ರೊಟ್ಟಿಯಲ್ಲಿ ಪಕ್ಕಪಕ್ಕ ಎರಡು ತೂತು ಬಿದ್ದವು. ನಡುವೆ ಒಂದು ಎಳೆ ಹಿಟ್ಟು ಉಳಿದಿತ್ತು. ಮುಚ್ಚಲು ಹೋದ ಗದಿಗೆಮ್ಮನ ಕೈ ಅಲ್ಲೇ ನಿಂತಿತು. ಅದನ್ನು ಹಾಗೇ ಎತ್ತಿ ಹಂಚಿನ ಮೇಲೆ ಹಾಕಿದಳು.

ತೂತಿನಿಂದ ಹವೆ ಹೋಗಿ ರೊಟ್ಟಿ ಉಬ್ಬಲಿಲ್ಲ. ಅಂಚು ಕರಿಯಾಯಿತು. ಇದನ್ನ ಯಾರಿಗಿ ಹಾಕತೀರಿ, ಹಸುವಿಗೆ ಇಡ್ರಿ ಎಂದಳು ಹುಸೇನಮ್ಮ. ಗದಿಗೆಮ್ಮ ಕೇಳಿಸಿಕೊಳ್ಳದೆ, ಎರಡು ತೂತಿನ ನಡುವೆ ಸರಿಯಾಗಿ ಹರಿದು, ಅರ್ಧ ತನ್ನ ತಟ್ಟೆಗೆ, ಅರ್ಧ ಮಧುರಾಳ ತಟ್ಟೆಗೆ ಹಾಕಿದಳು.

ಮಧುರಾ ಒಂದು ಚೂರು ಮುರಿದು ಬಾಯಿಗಿಟ್ಟಳು. "ಸ್ವಲ್ಪ ಸೀದಿದೆ ಅತ್ತೆ."

"ನಿನ್ನ ಮಗಳು ಮಾಡಿದ್ದವ್ವ," ಎಂದಳು ಗದಿಗೆಮ್ಮ. "ಸುಮ್ನ ತಿನ್ನು."